ನೀರು ಬಿಡುವ ಮಕ್ಕಳಿಗೆ ನಾಲ್ಕು ಮಾತು

ತಾವರೆಕೆರೆ, ಸೂಲಿಕೆರೆ, ರಾಮೋಹಳ್ಳಿ, ಕುಂಬಳಗೋಡು ಸುತ್ತಿನ ಊರುಗಳಲ್ಲಿ ಪಂಚಾಯಿತಿ ನೀರಿನ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗರೇ, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಹೆಸರು ಬರೆಸಿರುವ ಹೆಣ್ಣುಮಕ್ಕಳೇ, ಈ ಮಾತು ನಿಮಗೆ. ನಾನು ಗ್ರಾಮೀಣ ನೀರು ಸರಬರಾಜಿನ ಕೆಲಸ ಮಾಡಿಯೇ ವಯಸ್ಸು ಕಳೆದವನು. ಈಗ ಕೆಂಗೇರಿ ಉಪನಗರದಲ್ಲಿ ಮನೆ. ನಿಮ್ಮಲ್ಲಿ ಕೆಲವರು ಆಗಾಗ ಬಂದು ಪಂಪಿನ ಬಗ್ಗೆಯೋ ಪೌಡರಿನ ಲೆಕ್ಕದ ಬಗ್ಗೆಯೋ ಕೇಳುತ್ತೀರಿ. ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು.

ಊರಲ್ಲಿ ನಿಮ್ಮ ಕೆಲಸವನ್ನು ಜನ ಏನೆಂದು ಕರೆಯುತ್ತಾರೆ ಎಂಬುದು ನನಗೆ ಗೊತ್ತು. ವಾಲ್ವ್ ತಿರುಗಿಸುವ ಕೆಲಸ. ನೀರು ಬಂದ ದಿನ ಯಾರಿಗೂ ನಿಮ್ಮ ನೆನಪಾಗುವುದಿಲ್ಲ, ಬಾರದ ದಿನ ಎಲ್ಲರಿಗೂ ನಿಮ್ಮ ಫೋನ್ ನಂಬರ್ ನೆನಪಾಗುತ್ತದೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ನೀವೇ ನಿಮ್ಮ ಕೆಲಸವನ್ನು ಅಷ್ಟಕ್ಕೆ ಇಳಿಸಿಕೊಂಡರೆ ಅದು ತಪ್ಪು. ಹಳೇ ಮೈಸೂರು ಸೀಮೆಯಲ್ಲಿ ಕೆರೆ ತೂಬು ಎತ್ತಿ ಗದ್ದೆಗದ್ದೆಗೂ ಲೆಕ್ಕ ಹಾಕಿ ನೀರು ಹಂಚುತ್ತಿದ್ದ ನೀರುಗಂಟಿಗೆ ಊರಲ್ಲೊಂದು ಸ್ಥಾನವಿತ್ತು. ಕೆರೆಯಲ್ಲಿ ನೀರು ಎಷ್ಟಿದೆ, ಬೆಳೆ ಯಾವ ಹಂತದಲ್ಲಿದೆ, ಕೊನೆಯ ಗದ್ದೆ ಯಾರದ್ದು, ಇಷ್ಟನ್ನೂ ತಿಳಿದವನೇ ನೀರುಗಂಟಿ. ಇಂದಿಗೂ ಎಷ್ಟೋ ಪಂಚಾಯಿತಿಗಳಲ್ಲಿ ಕುಡಿಯುವ ನೀರು ಬಿಡುವವರನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಅಂದಿನವರು ಪೈರು ಉಳಿಸುತ್ತಿದ್ದರು, ನೀವು ಮಕ್ಕಳ ಹೊಟ್ಟೆ ಕಾಯುತ್ತೀರಿ. 2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್ ಊರುಗಳಲ್ಲಿ ಕಲುಷಿತ ನೀರಿನಿಂದ ಜನ ವಾಂತಿಭೇದಿಗೆ ಬಿದ್ದದ್ದನ್ನು, ಜೀವ ಹೋದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಂಥ ಸುದ್ದಿ ಬಂದಾಗ ಮೊದಲು ಓಡುವುದು ಡಾಕ್ಟರು. ಅದು ಬಾರದ ಹಾಗೆ ನೋಡಿಕೊಳ್ಳಬಲ್ಲವರು ನೀವು.

ನಾನು ಕೆಲಸಕ್ಕೆ ಸೇರಿದ್ದು ನಜೀರ್ ಸಾಬರ ಕಾಲದಲ್ಲಿ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಎಂಬತ್ತರ ದಶಕದ ಬರಗಾಲದಲ್ಲಿ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿ, ಕೈಪಂಪು ಹಾಕಿಸಿ, ಜನರ ಬಾಯಲ್ಲಿ ನೀರ್ ಸಾಬ್ ಆದರು. 1988ರಲ್ಲಿ ತೀರಿಕೊಂಡರು. ಅವರನ್ನು ಎಲ್ಲರೂ ಕೊಳವೆಬಾವಿಗಾಗಿ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಹಟ. ಊರಿನ ಕೆಲಸವನ್ನು ಊರಿನವರ ಕೈಗೆ ಕೊಡಬೇಕು, ಕೊಡುವಾಗ ಅದನ್ನು ನಡೆಸುವ ತಿಳಿವಳಿಕೆಯನ್ನೂ ಕೊಡಬೇಕು ಎಂಬುದು ಅವರ ನಿಲುವು. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆ ಇಂದು ಅವರ ಹೆಸರು ಹೊತ್ತಿದೆ. ಪಂಚಾಯಿತಿ ಸದಸ್ಯರ, ನೌಕರರ ತರಬೇತಿಯನ್ನು ರೂಪಿಸುವ ಮನೆ ಅದು. ಅಲ್ಲಿಗೆ ಹೋಗುವ ಅವಕಾಶ ಸಿಕ್ಕರೆ, ದಿನದ ಬಾಟಾ ಎಷ್ಟು ಎಂದು ಕೇಳುವ ಮೊದಲು ಏನು ಕಲಿಸುತ್ತಾರೆ ಎಂದು ಕೇಳಿ.

ಆಮೇಲೆ ಯೋಜನೆಗಳು ಒಂದಾದ ಮೇಲೊಂದು ಬಂದವು. ತೊಂಬತ್ತರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆ, 2002ರ ಸುಮಾರಿಗೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಜಲನಿರ್ಮಲ, 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್. ನಮ್ಮ ರಾಜ್ಯದಲ್ಲಿ ಅದಕ್ಕೆ ಮನೆಮನೆಗೆ ಗಂಗೆ ಎಂಬ ಹೆಸರೂ ಇದೆ. ತಲೆಗೆ ದಿನಕ್ಕೆ 55 ಲೀಟರ್ ನೀರು, ಪ್ರತಿ ಮನೆಗೂ ನಲ್ಲಿ. ಇದರ ನಿಯಮ ಪುಸ್ತಕದಲ್ಲಿ ನಿಮ್ಮ ಸಮಿತಿಗೆ ದೊಡ್ಡ ಜಾಗವಿದೆ. 10ರಿಂದ 15 ಜನ ಸದಸ್ಯರು, ಅರ್ಧದಷ್ಟು ಮಹಿಳೆಯರು, ಕಾಲುಭಾಗ ದುರ್ಬಲ ವರ್ಗದವರು. ಊರಿನ ನೀರಿನ ಯೋಜನೆ ಬರೆಯುವುದರಿಂದ ಹಿಡಿದು ನೀರಿನ ಕರ ನಿಗದಿ ಮಾಡುವವರೆಗೆ ಈ ಸಮಿತಿಯ ಮಾತು ನಡೆಯಬೇಕು. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ವ್ಯವಸ್ಥೆ ಬೇಕಿಲ್ಲ. ಆದರೆ ಸಭೆಯ ನಡಾವಳಿ ಪುಸ್ತಕವನ್ನು ಮನೆಗೇ ಕಳಿಸಿ ಸಹಿ ಹಾಕಿಸಿಕೊಳ್ಳುವ ಊರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗೆ ಕಳಿಸಿದ ಪುಸ್ತಕಕ್ಕೆ ಸಹಿ ಹಾಕಬೇಡಿ, ತಾಯಂದಿರೇ. ಸಭೆ ಕರೆಯಿರಿ, ಬರುತ್ತೇವೆ ಎನ್ನಿ.

ಈಗ ಕೈಕೆಲಸದ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ಗೊತ್ತಿರುವುದೂ ಅದೇ.

ಬ್ಲೀಚಿಂಗ್ ಪೌಡರಿನಿಂದ ಶುರು ಮಾಡೋಣ. ಐವತ್ತು ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಎಷ್ಟು ಪೌಡರ್ ಹಾಕುತ್ತೀರಿ ಎಂದು ಕೇಳಿದರೆ, ಒಂದು ಮಗ್ಗು ಎನ್ನುತ್ತೀರಿ. ಯಾವ ಮಗ್ಗು, ಯಾವ ಪೌಡರ್? ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕು ಎಂದಿಟ್ಟುಕೊಳ್ಳಿ. ಐವತ್ತು ಸಾವಿರ ಲೀಟರಿಗೆ 100 ಗ್ರಾಂ ಕ್ಲೋರಿನ್ ಆಯಿತು. ಹೊಸ ಪೌಡರಿನಲ್ಲಿ ಕ್ಲೋರಿನ್ ಅಂಶ ಸುಮಾರು ಮೂರನೇ ಒಂದು ಪಾಲು ಇರುತ್ತದೆ, ಹಾಗಾಗಿ 300 ಗ್ರಾಂ ಸಾಕು. ಅದೇ ಪೌಡರ್ ಪಂಪ್‌ಹೌಸಿನ ಮೂಲೆಯಲ್ಲಿ ಬಾಯಿ ತೆರೆದ ಚೀಲದಲ್ಲಿ ಒಂದು ಮಳೆಗಾಲ ಕಳೆದು, ಅದರ ಅಂಶ ನೂರಕ್ಕೆ ಹತ್ತಕ್ಕೆ ಇಳಿದಿದ್ದರೆ ಒಂದು ಕೆ.ಜಿ. ಬೇಕು. ಅದು ಗೊತ್ತಿಲ್ಲದೆ ಹಳೆಯ ಅಳತೆಯಲ್ಲೇ ಹಾಕಿದರೆ ನೀರಿಗೆ ಸುಣ್ಣ ಹಾಕಿದಂತಾಯಿತೇ ಹೊರತು ಔಷಧ ಹಾಕಿದಂತಾಗಲಿಲ್ಲ. ಪೌಡರನ್ನು ಗಾಳಿಯಾಡದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಒಣ ಜಾಗದಲ್ಲಿ, ಬಿಸಿಲು ತಾಗದಂತೆ ಇಡಿ. ಡ್ರಮ್ಮಿನ ಮೇಲೆ ತಂದ ತಾರೀಕು ಬರೆಯಿರಿ.

ಹಾಕುವ ರೀತಿಯೂ ಇದೆ. ಪೌಡರನ್ನು ನೇರವಾಗಿ ಟ್ಯಾಂಕಿಗೆ ಸುರಿಯಬಾರದು. ಮೊದಲು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಬಕೆಟ್ ತುಂಬ ನೀರು ತುಂಬಿಸಿ, ಕೋಲಿನಿಂದ ಕದಡಿ, ಹತ್ತು ಹದಿನೈದು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ತಳದ ಗಸಿಯನ್ನು ಹೊರಗೆ ಚೆಲ್ಲಿ. ಟ್ಯಾಂಕ್ ತುಂಬುತ್ತಿರುವಾಗ ಹಾಕಿದರೆ ನೀರಿನ ರಭಸಕ್ಕೆ ತಾನೇ ಬೆರೆಯುತ್ತದೆ. ಹಾಕಿ ಅರ್ಧ ಗಂಟೆಯಾದರೂ ಕಳೆಯದೆ ವಾಲ್ವ್ ತೆರೆಯಬೇಡಿ. ಕ್ಲೋರಿನ್ ಕ್ರಿಮಿಯನ್ನು ಕೊಲ್ಲಲು ಅಷ್ಟು ಹೊತ್ತು ಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಆ್ಯಸಿಡ್ ಬಾಟಲಿಯನ್ನು ಪೌಡರ್ ಇರುವ ಕೋಣೆಯಲ್ಲೇ ಇಡಬೇಡಿ. ಎರಡೂ ಬೆರೆತರೆ ಏಳುವ ಗಾಳಿ ಉಸಿರು ಕಟ್ಟಿಸುತ್ತದೆ.

ಹಾಕಿದ್ದು ಸಾಕಾಯಿತೇ ಎಂದು ತಿಳಿಯುವುದು ಟ್ಯಾಂಕಿನ ಕೆಳಗೆ ನಿಂತಲ್ಲ, ಊರಿನ ಕೊನೆಯ ನಲ್ಲಿಯಲ್ಲಿ. ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ನೀರು ಪರೀಕ್ಷೆಯ ಕಿಟ್ಟಿನಲ್ಲಿರುವ ಗಾಜಿನ ಕೊಳವೆಗೆ ಗೆರೆಯವರೆಗೆ ನೀರು ಹಿಡಿಯಿರಿ. ಆರ್ಥೋಟೊಲಿಡಿನ್ ಹನಿ ಹಾಕಿ. ನೀರು ಹಳದಿಗೆ ತಿರುಗಿದರೆ ಕ್ಲೋರಿನ್ ಉಳಿದಿದೆ ಎಂದರ್ಥ. ಬಣ್ಣದ ಪಟ್ಟಿಯ ಜೊತೆ ಆ ಕ್ಷಣದಲ್ಲೇ ಹೋಲಿಸಿ ನೋಡಿ. ತಡಮಾಡಿದರೆ ಹಳದಿ ಇನ್ನಷ್ಟು ಗಾಢವಾಗಿ ಸುಳ್ಳು ಹೇಳುತ್ತದೆ. ಲೀಟರಿಗೆ 0.2 ಮಿಲಿಗ್ರಾಂ ಆದರೂ ಕೊನೆಯ ಮನೆಯ ನಲ್ಲಿಯಲ್ಲಿ ಉಳಿದಿರಬೇಕು, ಅದು ಭಾರತೀಯ ಮಾನಕ. ನೀರು ಬಣ್ಣ ಬಾರದೆ ಹಾಗೇ ಇದ್ದರೆ ಎರಡರಲ್ಲಿ ಒಂದು. ಪೌಡರ್ ಸಾಲಲಿಲ್ಲ, ಇಲ್ಲವೇ ದಾರಿಯಲ್ಲಿ ಎಲ್ಲೋ ಕೊಳೆ ಸೇರಿ ಕ್ಲೋರಿನ್ ಅದಕ್ಕೇ ತೀರಿಹೋಯಿತು. ಎರಡನೆಯದ್ದಾದರೆ ಪೈಪ್ ಹಿಡಿದು ಹುಡುಕುತ್ತಾ ಹೋಗಬೇಕು. ಪರೀಕ್ಷೆ ಮಾಡಿದ ನೀರನ್ನು ಬಿಂದಿಗೆಯ ಹತ್ತಿರ ಚೆಲ್ಲಬೇಡಿ, ಆ ಔಷಧ ಕೈಗೆ ತಾಗಿದರೆ ಸೋಪು ಹಚ್ಚಿ ತೊಳೆಯಿರಿ. ಅದು ವಿಷ.

ಪ್ರತಿ ಊರಿನಲ್ಲೂ ಐವರು ಮಹಿಳೆಯರಿಗೆ ಈ ಕಿಟ್ ಬಳಸುವ ತರಬೇತಿ ಕೊಡಬೇಕೆಂಬುದು ಮಿಷನ್ನಿನ ನಿಯಮ. ತರಬೇತಿ ಪಡೆದ ಹೆಣ್ಣುಮಕ್ಕಳಿಗೆ ನನ್ನದೊಂದು ಕೋರಿಕೆ. ಕಿಟ್ಟನ್ನು ಪಂಚಾಯಿತಿ ಬೀರುವಿನಲ್ಲಿ ಬೀಗ ಹಾಕಿಡಲು ಬಿಡಬೇಡಿ, ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಕಪ್ಪಾಗುವ ಬಾಟಲಿ ಇದೆಯಲ್ಲ, ಕೊಳಚೆಯ ಕ್ರಿಮಿ ಇದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುವ ಆ ಪುಟ್ಟ ಬಾಟಲಿ, ಅದಕ್ಕೆ ಅವಧಿ ಮುಗಿಯುವ ತಾರೀಕಿದೆ. ನೋಡಿಕೊಂಡು ಬಳಸಿ. ಮಳೆಗಾಲದ ಮೊದಲ ಮಳೆಯಾದ ವಾರ, ಪೈಪ್ ಒಡೆದು ರಿಪೇರಿಯಾದ ದಿನ, ಜಾತ್ರೆಯ ಮುಂಚೆ, ಈ ಮೂರು ಹೊತ್ತಿನಲ್ಲಿ ತಪ್ಪದೆ ಪರೀಕ್ಷೆ ಮಾಡಿ. ಫಲಿತಾಂಶವನ್ನು ಅಂಗನವಾಡಿ ಗೋಡೆಯ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಕೆಟ್ಟ ಫಲಿತಾಂಶ ಬರೆದರೆ ಊರಿನ ಮಾನ ಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಊರಿನ ಮಗು ಆಸ್ಪತ್ರೆ ಸೇರಿದರೆ ಉಳಿಯುವ ಮಾನ ಯಾವುದು ಎಂದು ಅವರನ್ನೇ ಕೇಳಿ.

ಕಿಟ್ ಹೇಳುವ ಬೇರೆ ಅಂಕಿಗಳನ್ನೂ ಓದಲು ಕಲಿಯಿರಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರವರೆಗೆ. ನೈಟ್ರೇಟ್ 45 ದಾಟಬಾರದು. ನಮ್ಮ ಪಶ್ಚಿಮ ಬೆಂಗಳೂರಿನ ಸುತ್ತ ಈ ನೈಟ್ರೇಟ್ ಮೇಲೆ ಕಣ್ಣಿಡಬೇಕು. ಕಾರಣ ವೃಷಭಾವತಿ. ಬಸವನಗುಡಿಯ ಬಸವನ ಪಾದದ ಕೆಳಗೆ ಹುಟ್ಟುತ್ತದೆಂದು ಹಿರಿಯರು ಹೇಳುವ ಈ ನದಿ, ನಾಯಂಡಹಳ್ಳಿ ದಾಟಿ ಕೆಂಗೇರಿಗೆ ಬರುವ ಹೊತ್ತಿಗೆ ಅರ್ಧ ನಗರದ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತಿರುತ್ತದೆ. ಮುಂದೆ ಬೈರಮಂಗಲ ಕೆರೆ ಸೇರಿ, ಅರ್ಕಾವತಿಗೆ ಕೂಡುತ್ತದೆ. ಕಣಿವೆಯ ಅಕ್ಕಪಕ್ಕದ ಊರುಗಳ ಕೊಳವೆಬಾವಿ ನೋಡಲು ತಿಳಿಯಾದ ನೀರು ಕೊಡಬಹುದು. ಕಣ್ಣಿಗೆ ತಿಳಿ ಕಂಡ ಮಾತ್ರಕ್ಕೆ ನಂಬಬೇಡಿ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಹಾಲು ಕುಡಿಯುವ ಕೂಸಿಗೆ ಅದು ಅಪಾಯ. ಕಿಟ್ಟಿನಲ್ಲಿ ಅನುಮಾನ ಬಂದರೆ ಮಾದರಿ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸಿಕೊಳ್ಳುವುದು ನಿಮ್ಮ ಸಮಿತಿಯ ಹಕ್ಕು.

ಪಂಪ್‌ಹೌಸಿನಲ್ಲಿ ಎಲ್ಲರೂ ಸ್ಟಾರ್ಟರಿನ ಹಸಿರು ಗುಂಡಿ ನೋಡುತ್ತಾರೆ, ಅದರ ಪಕ್ಕದ ಆ್ಯಮ್ಮೀಟರ್ ಯಾರೂ ನೋಡುವುದಿಲ್ಲ. ಪಂಪಿನ ನಾಡಿ ಇರುವುದು ಅಲ್ಲಿ. ದಿನವೂ ಇರುವುದಕ್ಕಿಂತ ಮುಳ್ಳು ಕೆಳಗೆ ಬಿದ್ದು, ಡೆಲಿವರಿ ಪೈಪಿನಲ್ಲಿ ನೀರು ತಡೆತಡೆದು ಬಂದರೆ ಬಾವಿಯಲ್ಲಿ ನೀರು ಪಂಪಿನ ಮಟ್ಟಕ್ಕೆ ಇಳಿದಿದೆ, ಒಣ ಓಟ ಶುರುವಾಗಿದೆ. ತಕ್ಷಣ ನಿಲ್ಲಿಸಿ, ಬಾವಿಗೆ ಉಸಿರಾಡಲು ಬಿಡಿ. ಮುಳ್ಳು ಮೇಲಕ್ಕೆ ಹೋದರೆ ವೋಲ್ಟೇಜ್ ಬಿದ್ದಿದೆ ಅಥವಾ ಮೋಟಾರು ಎಲ್ಲೋ ಬಿಗಿಯುತ್ತಿದೆ. ಹಾಗೇ ಓಡಿಸಿದರೆ ವೈಂಡಿಂಗ್ ಸುಡುತ್ತದೆ. ಮೋಟಾರ್ ಎತ್ತಿಸಿ, ಸುತ್ತಿಸಿ, ಮತ್ತೆ ಇಳಿಸುವಷ್ಟರಲ್ಲಿ ಊರು ವಾರಗಟ್ಟಲೆ ಟ್ಯಾಂಕರಿನ ಬಾಯಿ ನೋಡಬೇಕಾಗುತ್ತದೆ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಸ್ಟಾರ್ಟರ್ ಮುಟ್ಟಬೇಡಿ. ಫ್ಯೂಸಿನ ಜಾಗಕ್ಕೆ ಸಿಕ್ಕ ತಂತಿ ಸುತ್ತಬೇಡಿ. ನೆಲದೊಳಗಿನ ಸಂಪಿಗೆ ಒಬ್ಬರೇ ಇಳಿಯಬೇಡಿ, ಯಾರು ಬೈದರೂ ಇಳಿಯಬೇಡಿ. ಮುಚ್ಚಿಟ್ಟ ಸಂಪಿನಲ್ಲಿ ಗಾಳಿ ಕೆಟ್ಟಿರುತ್ತದೆ.

ವಾಲ್ವಿನ ಮಾತು ಇನ್ನೂ ಉಳಿದಿದೆ. ತೆರೆಯುವಾಗಲೂ ಮುಚ್ಚುವಾಗಲೂ ನಿಧಾನ. ಓಡುತ್ತಿರುವ ನೀರನ್ನು ಒಮ್ಮೆಲೇ ತಡೆದರೆ ಅದರ ಹೊಡೆತ ಹಿಂದಕ್ಕೆ ಹೋಗಿ ಯಾವುದೋ ಜಾಯಿಂಟ್ ಬಿಚ್ಚಿಸುತ್ತದೆ. ಎಷ್ಟು ಸುತ್ತಿಗೆ ಪೂರ್ತಿ ತೆರೆಯುತ್ತದೆ ಎಂದು ಪ್ರತಿ ವಾಲ್ವಿಗೂ ಬರೆದಿಡಿ. ನಾವು ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ನೀರು ಬಿಡುವವರು. ಉಳಿದ ಹೊತ್ತು ಪೈಪು ಖಾಲಿ. ಖಾಲಿ ಪೈಪು ಸುಮ್ಮನಿರುವುದಿಲ್ಲ, ಚರಂಡಿ ಪಕ್ಕದಲ್ಲಿ ಒಂದು ಸಣ್ಣ ಸೀಳಿದ್ದರೆ ಅಲ್ಲಿಂದ ಕೊಳಚೆ ಎಳೆದುಕೊಳ್ಳುತ್ತದೆ. ಯಾರಾದರೂ ನಲ್ಲಿಗೆ ನೇರವಾಗಿ ಮೋಟಾರ್ ಕೂರಿಸಿ ಎಳೆದರಂತೂ ಕೇಳುವುದೇ ಬೇಡ. ಊರಲ್ಲಿ ಕಾಯಿಲೆ ಏಳುವುದು ಬಹಳ ಸಲ ಬಾವಿಯಿಂದಲ್ಲ, ಇಂಥ ಸೀಳಿನಿಂದ. ಹಾಗಾಗಿ ಚರಂಡಿ ದಾಟುವ ಪ್ರತಿ ಪೈಪನ್ನೂ ತಿಂಗಳಿಗೊಮ್ಮೆ ನಡೆದು ನೋಡಿ. ಮೋಟಾರ್ ಕೂರಿಸಿದವನು ಪಂಚಾಯಿತಿ ಸದಸ್ಯನೇ ಆದರೂ ಸಮಿತಿ ಸಭೆಯಲ್ಲಿ ಹೆಸರು ಹಿಡಿದು ಹೇಳಿ.

ಹೇಳಲೇಬೇಕಾದ ಕಠಿಣವಾದ ಮಾತೊಂದಿದೆ. ನಮ್ಮ ಎಷ್ಟೋ ಊರುಗಳಲ್ಲಿ ಪೈಪಿನ ಕೊನೆ ಎಲ್ಲಿದೆಯೋ ಅಲ್ಲೇ ದಲಿತರ ಕೇರಿಯೂ ಇರುತ್ತದೆ. ಟ್ಯಾಂಕ್ ಕಟ್ಟುವುದು ಊರೊಳಗೆ, ವಾಲ್ವ್ ಮೊದಲು ತೆರೆಯುವುದು ಊರೊಳಗಿನ ಬೀದಿಗೆ, ಕೇರಿಗೆ ಹೋಗುವ ಹೊತ್ತಿಗೆ ಟ್ಯಾಂಕ್ ತಳ ಕಂಡಿರುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಆಜ್ಞೆ ಮಾಡಿರುವುದಿಲ್ಲ, ರೂಢಿಯಾಗಿಬಿಟ್ಟಿರುತ್ತದೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡಿನ ಚೌದಾರ್ ಕೆರೆಯ ನೀರು ಮುಟ್ಟಿ ಕುಡಿದದ್ದು ಈ ರೂಢಿಯನ್ನು ಮುರಿಯಲಿಕ್ಕೆ. ನಿಮ್ಮ ಕೈಯಲ್ಲಿರುವ ಕಬ್ಬಿಣದ ಕೀಗೆ ಅದನ್ನು ಮುರಿಯುವ ಶಕ್ತಿ ದಿನವೂ ಇದೆ. ವಾರದಲ್ಲಿ ಮೂರು ದಿನ ಕೇರಿಯ ವಾಲ್ವ್ ಮೊದಲು ತೆರೆಯಿರಿ. ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಜಗಳಕ್ಕೆ ಬರುತ್ತಾರೆ. ಸಮಿತಿಯ ತೀರ್ಮಾನ, ನಡಾವಳಿಯಲ್ಲಿದೆ ಎಂದು ತೋರಿಸಿ. ಸಮಿತಿಯಲ್ಲಿರುವ ಹೆಣ್ಣುಮಕ್ಕಳು ವಾಲ್ವ್ ತೆರೆಯುವ ಹುಡುಗನ ಹಿಂದೆ ನಿಲ್ಲಬೇಕು, ಒಬ್ಬನನ್ನೇ ಬೀದಿಯಲ್ಲಿ ಬಿಡಬಾರದು.

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಈ ವಿದ್ಯೆ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು. ನಾನು ಕಂಡ ದೊಡ್ಡ ನಷ್ಟ ಅದೇ. ಹಳೆಯ ನೀರುಗಂಟಿಗೆ ಯಾವ ಬೀದಿಯ ಕೆಳಗೆ ಯಾವ ಪೈಪು, ಯಾವ ಹುಣಸೆಮರದ ಬುಡದಲ್ಲಿ ಯಾವ ವಾಲ್ವ್, ಎಲ್ಲವೂ ಕಣ್ಣು ಮುಚ್ಚಿದರೂ ಗೊತ್ತಿರುತ್ತದೆ. ಅವನು ಕೆಲಸ ಬಿಟ್ಟರೆ, ಕಾಯಿಲೆ ಬಿದ್ದರೆ, ಊರಿನ ನೀರು ಕತ್ತಲಲ್ಲಿ ತಡಕಾಡಬೇಕು. ನಮ್ಮ ಭಾಗದಲ್ಲಿ ಇದು ಇನ್ನೂ ಗಂಭೀರ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಕೆಂಗೇರಿ ಪುರಸಭೆಯೂ ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳೂ ನಗರದೊಳಗೆ ಸೇರಿದವು. ಆ ಹಳ್ಳಿಗಳಿಗಾಗಿಯೇ ತಂದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ದಿನಕ್ಕೆ 775 ದಶಲಕ್ಷ ಲೀಟರ್ ನೀರು, ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ನಡುವಿನ ಹದಿನೇಳು ವರ್ಷ ಆ ಊರುಗಳನ್ನು ನಡೆಸಿದ್ದು ಹಳೆಯ ಕೊಳವೆಬಾವಿಗಳು, ಟ್ಯಾಂಕರುಗಳು ಮತ್ತು ಹಳೆಯ ವಾಲ್ವ್‌ಗಳ ಗುಟ್ಟು ತಿಳಿದಿದ್ದ ಕೈಗಳು. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಇಡೀ ದೇಶ ಬೆಂಗಳೂರಿನ ಕಡೆ ನೋಡಿತು. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಐದು ಪಾಲಿಕೆಗಳಾಯಿತು, ಪಶ್ಚಿಮಕ್ಕೂ ಒಂದು ಬಂತು. ಚಲ್ಲಘಟ್ಟದವರೆಗೆ ಮೆಟ್ರೊ ಬಂದಾಗಿದೆ. ಇಂದಲ್ಲ ನಾಳೆ ನಿಮ್ಮ ಪಂಚಾಯಿತಿಯೂ ನಗರಕ್ಕೆ ಸೇರಬಹುದು. ಆ ದಿನ ಹೊಸ ಎಂಜಿನಿಯರ್ ಬಂದು ನಕ್ಷೆ ಎಲ್ಲಿ ಎಂದು ಕೇಳಿದರೆ, ಕೊಡಲು ನಿಮ್ಮ ಕೈಯಲ್ಲಿ ಒಂದು ಪುಸ್ತಕ ಇರಬೇಕು.

ಆ ಪುಸ್ತಕಕ್ಕೆ ಅಂಗಡಿಯ ಇನ್ನೂರು ಪುಟದ ನೋಟ್‌ಬುಕ್ ಸಾಕು. ದಿನಾ ಬರೆಯಿರಿ. ಪಂಪ್ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ನಿಂತಿತು, ಆ್ಯಮ್ಮೀಟರ್ ಎಷ್ಟು, ಪೌಡರ್ ಎಷ್ಟು ಹಾಕಿದೆ, ಕೊನೆಯ ನಲ್ಲಿಯಲ್ಲಿ ಎಷ್ಟು ಸಿಕ್ಕಿತು. ಹಿಂಬದಿಯ ಪುಟಗಳಲ್ಲಿ ಕೈಯಿಂದಲೇ ಊರಿನ ನಕ್ಷೆ ಬಿಡಿಸಿ, ವಾಲ್ವ್‌ಗಳನ್ನು ಗುರುತಿಸಿ. ಫೋನಿನಲ್ಲಿ ಫೋಟೊ ತೆಗೆದು ಸಮಿತಿಯ ಇಬ್ಬರಿಗಾದರೂ ಕಳಿಸಿ. ಎರಡು ವರ್ಷದ ಪುಸ್ತಕ ಮುಂದಿಟ್ಟುಕೊಂಡರೆ ಯಾವ ಬಾವಿ ಏಪ್ರಿಲಿನಲ್ಲಿ ಕೈಕೊಡುತ್ತದೆ ಎಂದು ಫೆಬ್ರುವರಿಯಲ್ಲೇ ಹೇಳಬಹುದು. ಆಗ ತಾಲ್ಲೂಕು ಕಚೇರಿಯಲ್ಲಿ ನಿಂತು ಕೇಳುವ ನಿಮ್ಮ ಮಾತಿಗೆ ತೂಕ ಬರುತ್ತದೆ.

ಸರ್ಕಾರದ ತರಬೇತಿಗಳನ್ನು ನಾನು ಹಗುರ ಮಾಡುವುದಿಲ್ಲ. ಪ್ಲಂಬಿಂಗ್, ಮೋಟಾರು, ವಿದ್ಯುತ್, ಗಾರೆ ಕೆಲಸ ಎಲ್ಲವನ್ನೂ ಒಬ್ಬರಿಗೇ ಕಲಿಸುವ ನಲ್ ಜಲ್ ಮಿತ್ರ ಎಂಬ ಕಾರ್ಯಕ್ರಮ ಮಿಷನ್ನಿನಲ್ಲಿದೆ, ಅದನ್ನು ಕೇಳಿ ಪಡೆಯಿರಿ. ಆದರೆ ಹಾಲ್‌ನಲ್ಲಿ ಕೂರಿಸಿ ತೆರೆಯ ಮೇಲೆ ತೋರಿಸಿದ ವಾಲ್ವ್ ಬೇರೆ, ತುಕ್ಕು ಹಿಡಿದು ತಿರುಗದ ನಿಮ್ಮೂರಿನ ವಾಲ್ವ್ ಬೇರೆ. ಎರಡನೆಯದ್ದನ್ನು ಕಲಿಸಬಲ್ಲವರು ಪಕ್ಕದ ಊರಿನ ನೀರುಗಂಟಿಗಳೇ. ಅಮೆರಿಕದಂಥ ದೇಶವೂ ಇದನ್ನೇ ಮಾಡಿತು. ಅಲ್ಲಿನ ಸಣ್ಣ ಊರುಗಳ ನೀರು ಸಂಸ್ಥೆಗಳು ಸೇರಿ 1976ರಲ್ಲಿ ನ್ಯಾಷನಲ್ ರೂರಲ್ ವಾಟರ್ ಅಸೋಸಿಯೇಷನ್ ಕಟ್ಟಿಕೊಂಡವು. 1980ರಿಂದ ಸರ್ಕ್ಯೂಟ್ ರೈಡರ್ ಎಂಬ ಹೆಸರಿನ ಅನುಭವಿ ಕೆಲಸಗಾರರು ಊರಿಂದೂರಿಗೆ ಗಾಡಿಯಲ್ಲಿ ತಿರುಗಿ, ಕೆಟ್ಟ ಪಂಪಿನ ಮುಂದೆ ಅಲ್ಲಿನ ಆಪರೇಟರ್ ಜೊತೆ ನಿಂತು, ರಿಪೇರಿ ಮಾಡುತ್ತಲೇ ಕಲಿಸುತ್ತಾರೆ. ದುಡ್ಡಿರುವ ದೇಶದಲ್ಲೂ ಒಂಟಿ ಊರಿಗೆ ತನ್ನ ನೀರನ್ನು ತಾನೇ ನಡೆಸುವುದು ಕಷ್ಟವೆಂದಾದರೆ, ನಮಗೆ ಸಂಘ ಬೇಡವೇ?

ನಿಮಗೆ ಸಂಘವಿಲ್ಲವೆಂದಲ್ಲ. ಕರ್ನಾಟಕ ರಾಜ್ಯ ಗ್ರಾಮ ಪಂಚಾಯಿತಿ ನೌಕರರ ಸಂಘ ಕನಿಷ್ಠ ವೇತನಕ್ಕಾಗಿ, ನೇಮಕಾತಿಯ ಅನುಮೋದನೆಗಾಗಿ, ಬಾಕಿ ಸಂಬಳಕ್ಕಾಗಿ ಬೆಂಗಳೂರಿನ ಬೀದಿಗಿಳಿದು ಕೂತಿದೆ. ಆ ಹೋರಾಟ ನ್ಯಾಯವಾದದ್ದು. ಊರಿಗೆ ದಿನವೂ ನೀರು ಕೊಡುವವನಿಗೆ ತಿಂಗಳುಗಟ್ಟಲೆ ಸಂಬಳ ಕೊಡದಿರುವುದು ಪಾಪ. ಅದರ ಬೇಡಿಕೆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ ಎಂಬುದಷ್ಟೇ ನನ್ನ ಮಾತು: ವರ್ಷಕ್ಕೊಮ್ಮೆ ಸಂಬಳ ಸಹಿತ ತರಬೇತಿ, ಕೈಗವಸು, ಬೂಟು, ಪರೀಕ್ಷೆಯ ಕಿಟ್. ಅದು ಬರುವವರೆಗೆ ಕಾಯಬೇಡಿ. ಒಂದೇ ಹೋಬಳಿಯ ಹತ್ತು ಹನ್ನೆರಡು ಊರಿನ ನೀರುಗಂಟಿಗಳು, ಪ್ರತಿ ಸಮಿತಿಯಿಂದ ಇಬ್ಬರು ಹೆಣ್ಣುಮಕ್ಕಳು, ತಿಂಗಳಿಗೊಂದು ಮಧ್ಯಾಹ್ನ ಒಂದೊಂದು ಊರಿನಲ್ಲಿ ಸೇರಿ. ಭಾಷಣ ಬೇಡ, ಹಾರ ಬೇಡ. ಆ ಊರಿನ ಪಂಪ್‌ಹೌಸ್ ನೋಡಿ, ಕೊನೆಯ ನಲ್ಲಿಯಲ್ಲಿ ನೀರು ಪರೀಕ್ಷೆ ಮಾಡಿ, ಕೆಟ್ಟದ್ದೊಂದನ್ನು ಎಲ್ಲರೂ ಸೇರಿ ಸರಿಮಾಡಿ. ಬಿಡಿಭಾಗಗಳ ಒಂದು ಪೆಟ್ಟಿಗೆ ಹಂಚಿಕೊಳ್ಳಿ. ಒಬ್ಬನ ಮೋಟಾರ್ ಸುಟ್ಟರೆ ಪಕ್ಕದವನ ಸ್ಪೇರ್ ಮೋಟಾರ್ ಎರಡು ದಿನ ಅವನ ಊರು ಉಳಿಸಲಿ. ಶುದ್ಧ ನೀರಿನ ಘಟಕಗಳೂ ಹಾಗೆಯೇ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಆ ಪೆಟ್ಟಿಗೆಗಳು ಫಿಲ್ಟರ್ ಬದಲಿಸದೆ ಬಾಗಿಲು ಮುಚ್ಚುತ್ತಿವೆ. ಒಂದು ಹೋಬಳಿಗೆ ಚೆನ್ನಾಗಿ ಕಲಿತ ಒಬ್ಬನಿದ್ದರೆ ಸಾಕು, ಎಲ್ಲವೂ ನಡೆಯುತ್ತವೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ನಲ್ಲಿ ತಿರುಗಿಸಿ ಬೆಳೆದ ಮಕ್ಕಳಿಗೂ ಒಂದು ಮಾತು. ನಿಮ್ಮ ಅಜ್ಜಂದಿರ ಕಾಲದಲ್ಲಿ ಬೆಂಗಳೂರು ಕುಡಿದದ್ದು ಪಶ್ಚಿಮದ ಹಳ್ಳಿಗಳ ನೀರನ್ನು. ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ 1933ರಲ್ಲಿ ಮುಗಿಯಿತು, ಕಾವೇರಿಯ ಮೊದಲ ಹಂತ ಬಂದದ್ದು 1974ರಲ್ಲಿ. ನಡುವಿನ ನಾಲ್ಕು ದಶಕ ಮಾಗಡಿ ರಸ್ತೆಯ ಆಚೆಯ ಆ ನೀರು ನಗರವನ್ನು ಸಾಕಿತು. ನಿಮ್ಮಲ್ಲಿ ಎಂಜಿನಿಯರಿಂಗ್ ಓದಿದವರಿದ್ದಾರೆ, ಲೆಕ್ಕ ಬಲ್ಲವರಿದ್ದಾರೆ, ಪ್ರಯೋಗಾಲಯದಲ್ಲಿ ದುಡಿಯುವವರಿದ್ದಾರೆ. ಭಾನುವಾರ ದೊಡ್ಡ ಆಲದಮರ ನೋಡಲು ರಾಮೋಹಳ್ಳಿ ಕಡೆ ಹೋದಾಗ ಒಂದು ಪಂಪ್‌ಹೌಸಿನ ಬಾಗಿಲು ತಟ್ಟಿ, ನೀರುಗಂಟಿಯ ಜೊತೆ ಒಂದು ಗಂಟೆ ಕೂರಿ. ನಕ್ಷೆ ಬಿಡಿಸಲು, ಪುಸ್ತಕದ ಅಂಕಿಗಳನ್ನು ಕೂಡಿಸಲು ನೆರವಾಗಿ. ಉಪದೇಶ ಮಾಡಲು ಹೋಗಬೇಡಿ, ಅವನ ಊರಿನ ನೀರು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಕೊನೆಯದಾಗಿ ನೀರುಗಂಟಿ ಹುಡುಗರೇ, ಸಮಿತಿಯ ಹೆಣ್ಣುಮಕ್ಕಳೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಈ ತಿಂಗಳಲ್ಲೇ ನಿಮ್ಮ ಪಕ್ಕದ ಊರಿನ ನೀರುಗಂಟಿಯನ್ನು ಕರೆಸಿ, ನಿಮ್ಮೂರಿನ ಪ್ರತಿ ವಾಲ್ವನ್ನೂ ಒಂದೊಂದಾಗಿ ತೋರಿಸಿ, ಮುಂದಿನ ತಿಂಗಳು ಅವರ ಊರಿಗೆ ನೀವು ಹೋಗಿ.